ಎಲೆಕ್ಟ್ರಿಕ್ ಹುಲ್ಲು ಟ್ರಿಮ್ಮರ್: ಆರಿಸುವುದು, ದಾರ ಸುತ್ತುವುದು, ಗಾಯವಿಲ್ಲದೆ ಕತ್ತರಿಸುವುದು

"ದಾರ ಪದೇ ಪದೇ ತುಂಡಾಗುತ್ತೆ." "ದಾರ ಹೊರಗೇ ಬರಲ್ಲ." "ಹತ್ತು ನಿಮಿಷ ಓಡಿಸಿದರೆ ಮೋಟರ್‌ನಿಂದ ಸುಟ್ಟ ವಾಸನೆ." ಎಲೆಕ್ಟ್ರಿಕ್ ಟ್ರಿಮ್ಮರ್ ಕೊಂಡವರು ಮತ್ತೆ ಮತ್ತೆ ಹೇಳುವುದು ಈ ಮೂರನ್ನೇ. ಕೆಲವರು ಬೇಸತ್ತು ಯಂತ್ರವನ್ನು ಮೂಲೆಗೆ ಸರಿಸಿ ಮತ್ತೆ ಕುಡುಗೋಲು ಹಿಡಿಯುತ್ತಾರೆ.

ಮೂರೂ ತೊಂದರೆಗಳ ಬೇರು ಹೆಚ್ಚಾಗಿ ದಾರದಲ್ಲೇ, ಅಂದರೆ ವೇಗವಾಗಿ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರದಲ್ಲೇ ಇರುತ್ತದೆ. ದಾರ ಎಷ್ಟು ದಪ್ಪ, ಅದನ್ನು ಹೇಗೆ ಸುತ್ತಿದ್ದೀರಿ, ಅದರ ಯಾವ ಭಾಗದಿಂದ ಕತ್ತರಿಸುತ್ತೀರಿ ಅನ್ನುವುದರಲ್ಲಿ. ಹಾಗಾಗಿ ಇಲ್ಲಿ ದಾರಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನ ಒಂದನ್ನು ಬಿಟ್ಟರೆ ಅದರ ಫಲ ಮುಂದಿನ ಹಂತದಲ್ಲಿ ಕಾಣಿಸುತ್ತದೆ.

ಕೈಗೆ ಸಿಗುವಂತೆ ಇವಿಷ್ಟು ಇಟ್ಟುಕೊಳ್ಳಿ: ಪಕ್ಕಗಳನ್ನೂ ಮುಚ್ಚುವ ಕಣ್ಣಿನ ಗಾಗಲ್ಸ್, ಗಟ್ಟಿ ಬೂಟು, ಗ್ಲೌಸ್, ಸರಿಯಾದ ದಪ್ಪದ ನೈಲಾನ್ ದಾರ, ಒಂದು ಕತ್ತರಿ, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ. ವೈರ್ ಇರುವ ಯಂತ್ರವಾದರೆ ಹೊರಗಡೆ ಬಳಸಲು ಮಾಡಿದ ಎಕ್ಸ್‌ಟೆನ್ಷನ್ ವೈರ್ ಕೂಡ ಬೇಕು.

## ಹಂತ 1: ನಿಮ್ಮ ಹುಲ್ಲಿಗೆ ತಕ್ಕ ಯಂತ್ರ ಆರಿಸಿ

ಮೊದಲು ಹುಲ್ಲು ನೋಡಿ, ಆಮೇಲೆ ಯಂತ್ರ ನೋಡಿ. ಹುಲ್ಲುಹಾಸಿನ ಅಂಚು, ಗೋಡೆ ಬದಿ, ಕಾಲುದಾರಿಯ ಪಕ್ಕದ ಮೆತ್ತನೆ ಹುಲ್ಲು ಇಷ್ಟೇ ಇದ್ದರೆ ಚಿಕ್ಕ ಯಂತ್ರ ಸಾಕು. ಮೊಣಕಾಲೆತ್ತರ ಬೆಳೆದ ದಟ್ಟ ಕಳೆ ಇದ್ದರೆ ಅದೇ ಯಂತ್ರ ಎರಡು ದಿನದಲ್ಲಿ ಸೋಲುತ್ತದೆ. ಕಡ್ಡಿಯಂತೆ ಗಟ್ಟಿಯಾದ ಕಾಂಡ, ಪೊದೆ, ಮುಳ್ಳುಗಿಡ ಇದ್ದರೆ ದಾರದ ಟ್ರಿಮ್ಮರ್ ಆ ಕೆಲಸಕ್ಕೆ ಅಲ್ಲವೇ ಅಲ್ಲ. ಅದಕ್ಕೆ ಕತ್ತಿ ಇಲ್ಲವೇ ಬ್ರಷ್ ಕಟರ್ ಬೇಕು.

ವೈರ್ ಬೇಕಾ, ಬ್ಯಾಟರಿ ಬೇಕಾ ಅನ್ನುವುದು ಎರಡನೇ ಪ್ರಶ್ನೆ. ಪ್ಲಗ್ ಪಾಯಿಂಟ್‌ನಿಂದ 25–30 ಮೀಟರ್ ಒಳಗೇ ಕೆಲಸವಿದ್ದರೆ ವೈರ್ ಇರುವುದೇ ಒಳ್ಳೆಯದು. ಹಗುರ, ಚಾರ್ಜ್ ಮುಗಿಯುವ ಚಿಂತೆಯಿಲ್ಲ, ವರ್ಷಗಳಾದ ಮೇಲೆ ಬ್ಯಾಟರಿ ಬದಲಿಸುವ ಖರ್ಚೂ ಇಲ್ಲ. ಜಾಗ ದೂರವಿದ್ದರೆ, ಮಧ್ಯೆ ಮರಗಿಡ ಜಾಸ್ತಿ ಇದ್ದರೆ ಬ್ಯಾಟರಿ ಯಂತ್ರ ತೆಗೆದುಕೊಳ್ಳಿ. ಮರಗಳ ನಡುವೆ ವೈರ್ ಎಳೆದುಕೊಂಡು ಓಡಾಡುವುದು ಕಷ್ಟ ಮಾತ್ರ ಅಲ್ಲ, ಅಪಾಯ.

ಬ್ಯಾಟರಿಯಲ್ಲಿ ವೋಲ್ಟ್ ಒಂದನ್ನೇ ನೋಡಿ ಮೋಸಹೋಗಬೇಡಿ. ವೋಲ್ಟನ್ನು ಎಎಚ್‌ನಿಂದ (ಬ್ಯಾಟರಿ ಮೇಲೆ Ah ಎಂದು ಬರೆದಿರುವ ಆಂಪಿಯರ್-ಅವರ್) ಗುಣಿಸಿ. ಬರುವ ಉತ್ತರ ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬುತ್ತದೆ ಅನ್ನುವ ಲೆಕ್ಕ. 18 ವೋಲ್ಟ್, 4 ಎಎಚ್ ಬ್ಯಾಟರಿ ಅಂದರೆ 72 ವಾಟ್-ಅವರ್. ಹುಲ್ಲಿನಲ್ಲಿ ಮೋಟರ್ 300 ವಾಟ್ ಎಳೆಯುತ್ತಿದ್ದರೆ ಅದು 14 ನಿಮಿಷಕ್ಕೆ ಖಾಲಿ. 36 ವೋಲ್ಟ್, 4 ಎಎಚ್ ಆದರೆ 144 ವಾಟ್-ಅವರ್, ಸುಮಾರು 29 ನಿಮಿಷ. ನಿಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ನಿಮಗೇ ಗೊತ್ತು, ಅಲ್ವಾ? ಕೊಳ್ಳುವ ಮೊದಲೇ ಈ ಲೆಕ್ಕ ಹಾಕಿ. ಇನ್ನೊಂದು ಮಾತು: ಡಬ್ಬದ ಮೇಲೆ 18 ವೋಲ್ಟ್ ಎಂದಿರಲಿ, 20 ವೋಲ್ಟ್ ಮ್ಯಾಕ್ಸ್ ಎಂದಿರಲಿ, ಒಳಗೆ ಸಾಲಾಗಿ ಜೋಡಿಸಿದ 5 ಲಿಥಿಯಂ ಸೆಲ್‌ಗಳೇ ಇರುತ್ತವೆ. 20 ಅನ್ನುವುದು ಪೂರ್ತಿ ಚಾರ್ಜ್ ಆದಾಗಿನ ಅಂಕಿ, 18 ಅನ್ನುವುದು ಕೆಲಸದ ಹೊತ್ತಿನ ಸರಾಸರಿ. ಆ ಎರಡು ವೋಲ್ಟ್‌ಗೆ ಜಾಸ್ತಿ ದುಡ್ಡು ಕೊಡಬೇಡಿ.

ಮೂರನೆಯದು ದಾರ ಹೊರಬರುವ ವ್ಯವಸ್ಥೆ. ಒಂದು ಬಗೆಯಲ್ಲಿ ಹೆಡ್ಡನ್ನು (ಕೋಲಿನ ತುದಿಯಲ್ಲಿ ದಾರದ ಸಮೇತ ತಿರುಗುವ ಭಾಗ) ನೆಲಕ್ಕೆ ಮೆಲ್ಲಗೆ ತಟ್ಟಿದರೆ ದಾರ ಸ್ವಲ್ಪ ಹೊರಬರುತ್ತದೆ. ಇನ್ನೊಂದು ಬಗೆಯಲ್ಲಿ ಸ್ವಿಚ್ ಬಿಟ್ಟು ಮತ್ತೆ ಒತ್ತಿದಾಗ ತಾನಾಗಿಯೇ ಬರುತ್ತದೆ. ನನಗೆ ಮೊದಲನೆಯದೇ ಹೆಚ್ಚು ಇಷ್ಟ. ಯಾವಾಗ ಎಷ್ಟು ದಾರ ಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ, ಒಳಗಿನ ಭಾಗಗಳೂ ಸರಳ. ತಾನಾಗಿ ಬರುವ ಬಗೆಯಲ್ಲಿ ಸುಮ್ನೆ ಸ್ವಿಚ್ ಒತ್ತುತ್ತಾ ಬಿಡುತ್ತಾ ಇದ್ದರೆ ಬೇಡದಿದ್ದರೂ ದಾರ ಬರುತ್ತದೆ, ಗಾರ್ಡ್‌ನ (ಹೆಡ್ ಮೇಲಿನ ರಕ್ಷಣೆಯ ಮರೆ) ಬ್ಲೇಡ್ ಅದನ್ನು ಕತ್ತರಿಸಿ ಹಾಕುತ್ತದೆ. ಅರ್ಧ ದಾರ ಹೀಗೇ ಹಾಳಾಗುತ್ತದೆ.

ಕೊನೆಗೆ ಯಂತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಬ್ಯಾಟರಿ ಹಾಕಿಯೇ ಹಿಡಿಯಬೇಕು, ಖಾಲಿ ಯಂತ್ರ ಹಿಡಿದರೆ ತೂಕ ಗೊತ್ತಾಗುವುದಿಲ್ಲ. ಬೆನ್ನು ನೆಟ್ಟಗಿದ್ದು, ಮೊಣಕೈ ಸ್ವಲ್ಪ ಮಡಚಿಕೊಂಡಿದ್ದಾಗ ಹೆಡ್ ನೆಲಕ್ಕೆ ಸಮವಾಗಿ ನಿಲ್ಲಬೇಕು. ಇದಕ್ಕಾಗಿ ಬಗ್ಗಬೇಕಾದರೆ ಆ ಯಂತ್ರ ನಿಮ್ಮ ಎತ್ತರಕ್ಕೆ ಸರಿಯಲ್ಲ. ಉದ್ದ ಹೊಂದಿಸಲು ಬರುವ ಕೋಲು, ಜಾಗ ಬದಲಿಸಲು ಬರುವ ಎರಡನೇ ಹಿಡಿ ಇದ್ದರೆ ಒಳ್ಳೆಯದು. ಯಂತ್ರ ಭಾರ ಅನಿಸಿದರೆ ಹೆಗಲ ಪಟ್ಟಿ ಇರುವುದನ್ನೇ ನೋಡಿ. ಕಾರ್ಬನ್ ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟರ್ ಕೈಗೆಟುಕಿದರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲಿ ಸವೆಯುವ ಬ್ರಷ್ ಇರುವುದಿಲ್ಲ, ಅದೇ ಬ್ಯಾಟರಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಓಡುತ್ತದೆ.

## ಹಂತ 2: ಸರಿಯಾದ ದಾರ ಕೊಳ್ಳಿ

"ದಪ್ಪ ದಾರ ಹಾಕಿದರೆ ತುಂಡಾಗಲ್ಲ" ಅನ್ನುವುದು ಬಹಳ ಜನರ ನಂಬಿಕೆ. ಎಲೆಕ್ಟ್ರಿಕ್ ಯಂತ್ರಗಳನ್ನು ಹೆಚ್ಚು ಕೆಡಿಸುವುದು ಇದೇ.

ದಾರ ಹುಲ್ಲನ್ನು ಕತ್ತರಿಸುವುದು ಹರಿತದಿಂದಲ್ಲ, ವೇಗದಿಂದ. ದಾರ ಸುತ್ತುವ ವೃತ್ತದ ಅಗಲ 30 ಸೆಂಟಿಮೀಟರ್, ವೇಗ ನಿಮಿಷಕ್ಕೆ 8,000 ಸುತ್ತು ಎಂದುಕೊಳ್ಳಿ. ಆಗ ದಾರದ ತುದಿ ಸೆಕೆಂಡಿಗೆ ಸುಮಾರು 125 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 450 ಕಿಲೋಮೀಟರ್. ಇಷ್ಟು ವೇಗದಲ್ಲಿ ಗಾಳಿಯೇ ದೊಡ್ಡ ತಡೆ. 1.6 ಮಿ.ಮೀ. ಬದಲು 2.4 ಮಿ.ಮೀ. ದಾರ ಹಾಕಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಚಿಕ್ಕ ಮೋಟರ್ ಅದನ್ನು ಎಳೆಯಲಾರದೆ ನಿಧಾನವಾಗುತ್ತದೆ. ನಿಧಾನವಾದ ದಾರ ಹುಲ್ಲನ್ನು ಕತ್ತರಿಸದೆ ಬಡಿಯುತ್ತದೆ, ಮೋಟರ್ ಬಿಸಿಯಾಗುತ್ತದೆ. ಆ ಸುಟ್ಟ ವಾಸನೆ ಬರುವುದು ಇಲ್ಲಿಂದ.

ಹಾಗಾಗಿ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ದಪ್ಪವನ್ನೇ ಕೊಳ್ಳಿ. ಚಿಕ್ಕ ಎಲೆಕ್ಟ್ರಿಕ್ ಯಂತ್ರಗಳಿಗೆ ಸಾಮಾನ್ಯವಾಗಿ 1.2ರಿಂದ 1.6 ಮಿ.ಮೀ., ಶಕ್ತಿ ಜಾಸ್ತಿ ಇರುವವಕ್ಕೆ 2.0 ಅಥವಾ 2.4 ಮಿ.ಮೀ. ಬರುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಗಾರ್ಡ್ ಮೇಲೆ ಅಥವಾ ಸ್ಪೂಲ್ (ಹೆಡ್ ಒಳಗೆ ದಾರ ಸುತ್ತಿಡುವ ಉರುಳೆ) ಮುಚ್ಚಳದ ಮೇಲೆ ನೋಡಿ, ಅಲ್ಲಿ ಅಚ್ಚಾಗಿರುವುದುಂಟು.

ಆಕಾರದ ವಿಚಾರ ಅಷ್ಟು ದೊಡ್ಡದಲ್ಲ. ದುಂಡನೆಯ ದಾರ ಬಾಳಿಕೆ ಬರುತ್ತದೆ, ಸುಲಭವಾಗಿ ಹೊರಬರುತ್ತದೆ. ಚೌಕ ಅಥವಾ ನಕ್ಷತ್ರ ಆಕಾರದ್ದು ಅಂಚಿನಿಂದ ಚೆನ್ನಾಗಿ ಕತ್ತರಿಸುತ್ತದೆ, ಬೇಗ ಸವೆಯುತ್ತದೆ. ತಿರುಚಿದ ದಾರದ ಸದ್ದು ಕಡಿಮೆ. ಹೊಸಬರು ದುಂಡನೆಯದರಿಂದಲೇ ಶುರು ಮಾಡಿ.

ಹಳೆಯ ದಾರವೇ ಇದ್ದರೆ ಒಂದು ಕೆಲಸ ಮಾಡಿ. ನೈಲಾನ್ ನೀರು ಹೀರುವ ವಸ್ತು. ಒಣಗಿದರೆ ಅದು ಪೆಡಸಾಗಿ ಪಟಪಟ ಮುರಿಯುತ್ತದೆ. ದಾರದ ಸುರುಳಿಯನ್ನು ಒಂದು ರಾತ್ರಿ, ತುಂಬ ಹಳೆಯದಾದರೆ ಪೂರ್ತಿ 24 ಗಂಟೆ, ನೀರಿನಲ್ಲಿ ಮುಳುಗಿಸಿಡಿ. ಮೇಲಿನ ನೀರು ಒರೆಸಿ ಸುತ್ತಿ. "ಪದೇ ಪದೇ ತುಂಡಾಗುತ್ತೆ" ಅನ್ನುವವರು ಮೊದಲು ಇದನ್ನು ಮಾಡಿ ನೋಡಿ. ಬಿಸಿಲಿನಲ್ಲಿ ನೇತುಹಾಕಿದ್ದ ದಾರ ಮಾತ್ರ ನೀರಿಗೂ ಸರಿಹೋಗದಿರಬಹುದು, ಬಿಸಿಲು ನೈಲಾನನ್ನು ಒಳಗಿನಿಂದಲೇ ಕೆಡಿಸುತ್ತದೆ.

ಲೋಹದ ತಂತಿ, ಸರಪಳಿ, ಬ್ಲೇಡ್ ಇವನ್ನು ದಾರದ ಹೆಡ್‌ಗೆ ಎಂದೂ ಕಟ್ಟಬೇಡಿ. ನೈಲಾನ್ ತುಂಡಾದರೆ ಹಗುರವಾದ ಒಂದು ಚೂರು ಹಾರುತ್ತದೆ. ತಂತಿ ಅಥವಾ ಸರಪಳಿಯ ಕೊಂಡಿ ತುಂಡಾದರೆ ಅದು ಗುಂಡಿನಂತೆ ಹಾರುತ್ತದೆ. ಬ್ರಷ್ ಕಟರ್‌ಗೆ ಹಾಕುವ ಸರಪಳಿ ಹೆಡ್‌ಗಳನ್ನು ಯುರೋಪಿಯನ್ ಒಕ್ಕೂಟ 2012ರಲ್ಲಿ ಮಾರುಕಟ್ಟೆಯಿಂದಲೇ ನಿಷೇಧಿಸಿದ್ದು ಈ ಕಾರಣಕ್ಕೇ.

## ಹಂತ 3: ಸ್ಪೂಲ್‌ಗೆ ದಾರ ಸುತ್ತಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಅವಸರ ಬೇಡ. ಮೊದಲ ಸಲ ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

3.1 ವಿದ್ಯುತ್ ತೆಗೆಯಿರಿ. ಬ್ಯಾಟರಿ ಹೊರಗೆ ತೆಗೆದು ದೂರ ಇಡಿ, ಅಥವಾ ಪ್ಲಗ್ ಕಿತ್ತು ಪಿನ್ ಕಣ್ಣಿಗೆ ಕಾಣುವಂತೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹೆಡ್ ಬಿಚ್ಚುವಾಗ ಯಂತ್ರ ಮಡಿಲಲ್ಲೇ ಇರುತ್ತದೆ, ಟ್ರಿಗರ್‌ಗೆ ಕೈ ತಗಲುವುದು ಸುಲಭ.

3.2 ಮುಚ್ಚಳ ಬಿಚ್ಚಿ. ಹೆಚ್ಚಿನ ಹೆಡ್‌ಗಳಲ್ಲಿ ಎರಡು ಪಕ್ಕದ ಗುಬ್ಬಿಗಳನ್ನು (ಒತ್ತುವ ಗುಂಡಿಗಳನ್ನು) ಒಟ್ಟಿಗೆ ಒತ್ತಿದರೆ ಮುಚ್ಚಳ ಬರುತ್ತದೆ. ಒಂದು ಕೈ ಮುಚ್ಚಳದ ಮೇಲೇ ಇರಲಿ. ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲಿಗೆ ಬಿದ್ದರೆ ಹುಡುಕುವುದು ಕಷ್ಟ, ಅದಿಲ್ಲದೆ ಹೆಡ್ ಕೆಲಸ ಮಾಡುವುದಿಲ್ಲ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಒಂದೊಂದು ಫೋಟೋ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ತಲೆ ಕೆಡಿಸಿಕೊಳ್ಳಬೇಕಿಲ್ಲ.

3.3 ಒಳಗೆ ಸ್ವಚ್ಛ ಮಾಡಿ. ಹಳೆಯ ಹುಲ್ಲು, ಮಣ್ಣು ಅಂಟಿಕೊಂಡಿರುತ್ತದೆ. ಬ್ರಷ್‌ನಿಂದ ತೆಗೆಯಿರಿ. ದಾರ ಹೊರಬರುವ ತೂತನ್ನೂ ನೋಡಿ. ಅದರ ಅಂಚಿನಲ್ಲಿ ದಾರ ಉಜ್ಜಿ ಗೀರು ಬಿದ್ದಿದ್ದರೆ ಹೊಸ ದಾರ ಅಲ್ಲೇ ತುಂಡಾಗುತ್ತಿರುತ್ತದೆ. ತೂತಿಗೆ ಹಾಕಿರುವ ಲೋಹದ ಬಳೆಯನ್ನು, ಬೇಕಾದರೆ ಹೆಡ್ಡನ್ನೇ, ಬದಲಿಸಬೇಕು.

3.4 ಅಳತೆ ಮಾಡಿ ಕತ್ತರಿಸಿ. ಪುಸ್ತಕದಲ್ಲಿ ಹೇಳಿದ ಉದ್ದವೇ ಸರಿ. ಒಂದು ಮೀಟರ್ ಜಾಸ್ತಿ ಸುತ್ತಿದರೆ ಒಂದು ಸಲ ಕಡಿಮೆ ಬಿಚ್ಚಬಹುದು ಅನ್ನುವ ಆಸೆ ಬೇಡ. ಸ್ಪೂಲ್ ಅಂಚಿಗಿಂತ ಸುಮಾರು 5 ಮಿ.ಮೀ. ಕೆಳಗೇ ದಾರ ನಿಲ್ಲಬೇಕು. ಅಂಚಿನವರೆಗೆ ತುಂಬಿದರೆ ದಾರ ಸಡಿಲಗೊಂಡು ಸ್ಪೂಲ್ ಪಕ್ಕಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ.

3.5 ಬಾಣದ ಗುರುತು ನೋಡಿ. ಸ್ಪೂಲ್ ಮೇಲೆ ಸುತ್ತುವ ದಿಕ್ಕಿನ ಬಾಣ ಇರುತ್ತದೆ. ದಾರದ ತುದಿಯನ್ನು ಒಳಗಿನ ತೂತಿಗೆ ಸಿಕ್ಕಿಸಿ ಆ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಎಷ್ಟು ತಟ್ಟಿದರೂ ದಾರ ಸರಿಯಾಗಿ ಹೊರಬರುವುದಿಲ್ಲ.

3.6 ಬಿಗಿಯಾಗಿ, ಸಾಲಾಗಿ ಸುತ್ತಿ. ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಸುತ್ತು ತಾಗಿಕೊಂಡು ಬರಬೇಕು. ಒಂದು ಪದರ ತುಂಬಿದ ಮೇಲೆ ಅದರ ಮೇಲೆ ಹಿಂದಕ್ಕೆ ಬನ್ನಿ. ಒಂದರ ಮೇಲೊಂದು ಅಡ್ಡ ಹಾಯಬಾರದು. ಸಡಿಲವಾಗಿ ಅಡ್ಡಾದಿಡ್ಡಿ ಸುತ್ತಿದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತದೆ. ಓಡುವಾಗ ಅಲ್ಲಿ ಉಜ್ಜಾಟ, ಅದುರಾಟ ನಡೆದು ಬಿಸಿಗೆ ನೈಲಾನ್ ಕರಗಿ ಒಂದಕ್ಕೊಂದು ಅಂಟುತ್ತದೆ. "ದಾರ ಹೊರಗೇ ಬರಲ್ಲ" ಎಂದು ತಂದ ಸ್ಪೂಲ್ ಬಿಚ್ಚಿದಾಗ ಒಳಗೆ ಹೆಚ್ಚಾಗಿ ಕಾಣುವುದು ಹೀಗೆ ಬೆಸೆದುಹೋದ ಸುತ್ತುಗಳೇ. ಅಂಟಿದ ಭಾಗವನ್ನು ಕತ್ತರಿಸಿ ಎಸೆಯಿರಿ, ಎಳೆದು ಬಿಡಿಸಿದ ದಾರದಲ್ಲಿ ಗಾಯ ಉಳಿದಿರುತ್ತದೆ.

ಎರಡು ದಾರದ ಹೆಡ್ ಆದರೆ ಸ್ಪೂಲ್ ನಡುವೆ ಒಂದು ತಡೆ ಇರುತ್ತದೆ. ದಾರವನ್ನು ಸರಿಯಾಗಿ ನಡುವೆ ಮಡಚಿ, ಮಡಿಕೆಯನ್ನು ತಡೆಯ ಸೀಳಿಗೆ ಸಿಕ್ಕಿಸಿ, ಎರಡೂ ಎಳೆಗಳನ್ನು ತಡೆಯ ತಂತಮ್ಮ ಪಕ್ಕದಲ್ಲೇ ಸುತ್ತಿ. ಎಳೆಗಳು ಅದಲುಬದಲಾದರೆ ಬಿಚ್ಚಿ ಮತ್ತೆ ಶುರು ಮಾಡಿ.

3.7 ತುದಿ ಬಿಟ್ಟು ಜೋಡಿಸಿ. ಕೊನೆಯ 15 ಸೆಂಟಿಮೀಟರ್ ಸುತ್ತದೆ ಬಿಡಿ. ಅದನ್ನು ಸ್ಪೂಲ್ ಅಂಚಿನ ಸೀಳಿಗೆ ಸಿಕ್ಕಿಸಿದರೆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ತುದಿಯನ್ನು ಹೆಡ್‌ನ ತೂತಿನಿಂದ ಹೊರಗೆ ತಂದು, ಸ್ಪ್ರಿಂಗ್ ಸರಿಯಾಗಿ ಕೂತಿದೆಯೇ ನೋಡಿ, ಸ್ಪೂಲ್ ಕೂರಿಸಿ. ಈಗ ತುದಿಯನ್ನು ಒಮ್ಮೆ ಗಟ್ಟಿಯಾಗಿ ಎಳೆದು ಸೀಳಿನಿಂದ ಬಿಡಿಸಿ. ಇದನ್ನು ಮರೆಯುವವರು ಬಹಳ. ಸೀಳಿನಲ್ಲೇ ಉಳಿದ ದಾರ ಹೊರಬರುವುದು ಹೇಗೆ? ಮುಚ್ಚಳ ಒತ್ತಿ, ಎರಡೂ ಕಡೆ "ಟಿಕ್" ಎಂದು ಕೂತ ಸದ್ದು ಕೇಳಬೇಕು.

3.8 ಕೈಯಲ್ಲೇ ಪರೀಕ್ಷೆ. ಬ್ಯಾಟರಿ ಹಾಕುವ ಮೊದಲು ಹೆಡ್ ಕೆಳಗಿನ, ನೆಲಕ್ಕೆ ತಟ್ಟುವ ಗುಬ್ಬಿಯನ್ನು ಒತ್ತಿ ಹಿಡಿದು ದಾರ ಎಳೆಯಿರಿ. ಸಲೀಸಾಗಿ ಬಂದರೆ ಕೆಲಸ ಸರಿಯಾಗಿದೆ. ತಡೆದರೆ ಈಗಲೇ ಬಿಚ್ಚಿ. ಹುಲ್ಲಿನ ನಡುವೆ ಬಿಚ್ಚುವುದಕ್ಕಿಂತ ಇದು ಸುಲಭ.

## ಹಂತ 4: ಮೈ, ನೆಲ, ವೈರ್ ಸಿದ್ಧ ಮಾಡಿಕೊಳ್ಳಿ

ಗಾಗಲ್ಸ್ ಇಲ್ಲದೆ ಸ್ವಿಚ್ ಒತ್ತಬೇಡಿ. ಬರೀ ಕನ್ನಡಕ ಸಾಲದು, ಪಕ್ಕದಿಂದ ಕಲ್ಲಿನ ಚೂರು ಬರುತ್ತದೆ. ಉದ್ದ ಪ್ಯಾಂಟು, ಬೆರಳು ಮುಚ್ಚುವ ಗಟ್ಟಿ ಬೂಟು, ಗ್ಲೌಸ್ ಹಾಕಿಕೊಳ್ಳಿ. ಚಪ್ಪಲಿ, ಲುಂಗಿ, ತೇಲಾಡುವ ದುಪಟ್ಟಾ, ಬಿಟ್ಟ ಉದ್ದ ಕೂದಲು ಬೇಡ. ಸದ್ದು ಜೋರಾದ ಯಂತ್ರವಾದರೆ ಕಿವಿಗೂ ರಕ್ಷಣೆ ಬೇಕು. ಮುರಿದರೆ ಹಾಲು ಒಸರುವ ಗಿಡಗಳ ಮಧ್ಯೆ ಕೆಲಸವಿದ್ದರೆ ತೋಳನ್ನೂ ಮುಖವನ್ನೂ ಮುಚ್ಚಿಕೊಳ್ಳಿ. ದಾರ ಆ ರಸವನ್ನು ಮಂಜಿನಂತೆ ಚಿಮ್ಮಿಸುತ್ತದೆ.

ನೆಲವನ್ನು ಒಮ್ಮೆ ನಡೆದು ನೋಡಿ. ಕಲ್ಲು, ಗಾಜು, ಮುರಿದ ಕಡ್ಡಿ, ಪ್ಲಾಸ್ಟಿಕ್ ಎಲ್ಲ ಹೆಕ್ಕಿ. ಮುಖ್ಯವಾಗಿ ತಂತಿ ಮತ್ತು ಹಗ್ಗ ಹುಡುಕಿ. ಅವು ಹೆಡ್‌ಗೆ ಸುತ್ತಿಕೊಂಡು ಚಾವಟಿಯಂತೆ ಬೀಸುತ್ತವೆ. ಎತ್ತರದ ಹುಲ್ಲಾದರೆ ಕೋಲಿನಿಂದ ಸರಿಸಿ ನೋಡಿ, ಕಪ್ಪೆ, ಹಾವು, ನೆಲದ ಮೇಲಿನ ಹಕ್ಕಿಗೂಡು ಇರಬಹುದು.

ಮಕ್ಕಳು, ಸಾಕುಪ್ರಾಣಿಗಳು, ಬೇರೆ ಜನ ಕನಿಷ್ಠ 15 ಮೀಟರ್ ದೂರ ಇರಲಿ. ಜಾಸ್ತಿ ಆಯಿತು ಅನಿಸಬಹುದು. ಆದರೆ ಸೆಕೆಂಡಿಗೆ 125 ಮೀಟರ್ ವೇಗದ ದಾರಕ್ಕೆ ತಗುಲಿದ ಕಲ್ಲು ಎಷ್ಟು ದೂರ ಹೋಗಬಹುದು ಯೋಚಿಸಿ. ಯಾರಾದರೂ ಹತ್ತಿರ ಬಂದರೆ ಮೊದಲು ಸ್ವಿಚ್ ಬಿಡಿ, ಆಮೇಲೆ ಮಾತಾಡಿ.

ವೈರ್ ಯಂತ್ರವಾದರೆ ಪ್ಲಗ್ ಪಾಯಿಂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ರಕ್ಷಣೆ ಇರಲೇಬೇಕು. ವೈರ್ ಕತ್ತರಿಸಿಹೋಗಿ ಕರೆಂಟ್ ನೆಲಕ್ಕೋ ಮೈಗೋ ಹರಿದರೆ ಕ್ಷಣದಲ್ಲಿ ಸಂಪರ್ಕ ಕಡಿಯುವುದು ಅದೇ. ಎಕ್ಸ್‌ಟೆನ್ಷನ್ ವೈರ್ ತೆಳ್ಳಗಿದ್ದು ಉದ್ದವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಕಡಿಮೆಯಾಗಿ ಮೋಟರ್ ಬಿಸಿಯಾಗುತ್ತದೆ. 30 ಮೀಟರ್‌ವರೆಗೆ 1.5 ಚದರ ಮಿ.ಮೀ.ಗಿಂತ ತೆಳ್ಳಗಿನದು ಬೇಡ, ಅದಕ್ಕೂ ಉದ್ದವಾದರೆ 2.5 ತೆಗೆದುಕೊಳ್ಳಿ. ಡ್ರಮ್‌ಗೆ ಸುತ್ತಿದ ವೈರ್ ಆದರೆ ಪೂರ್ತಿ ಬಿಚ್ಚಿ, ಸುತ್ತಿದ್ದಂತೆಯೇ ಬಳಸಿದರೆ ಒಳಗೆ ಬಿಸಿ ಕೂಡಿಕೊಳ್ಳುತ್ತದೆ. ಹಿಡಿಯ ಬಳಿ ಇರುವ ಕೊಕ್ಕೆಗೆ ವೈರನ್ನು ಸಿಕ್ಕಿಸಿ. ಪ್ಲಗ್ ಪಾಯಿಂಟ್ ಬಳಿಯಿಂದ ಶುರು ಮಾಡಿ ದೂರಕ್ಕೆ ಸಾಗಿ, ವೈರ್ ಯಾವಾಗಲೂ ನಿಮ್ಮ ಹಿಂದೆ ಇರುತ್ತದೆ. ಮಳೆ ಬರುತ್ತಿದ್ದರೆ, ಹುಲ್ಲು ತೊಯ್ದಿದ್ದರೆ ಅಂದಿನ ಕೆಲಸ ಬಿಡಿ.

## ಹಂತ 5: ತುದಿಯಿಂದ ಕತ್ತರಿಸಿ

ಯಂತ್ರ ಹುಲ್ಲಿನ ಹೊರಗಿರುವಾಗಲೇ ಸ್ವಿಚ್ ಒತ್ತಿ. ವೇಗ ಪೂರ್ತಿ ಏರಿದ ಸದ್ದು ಕೇಳಿದ ಮೇಲೆ ಹುಲ್ಲಿಗೆ ತನ್ನಿ. ಹುಲ್ಲಿನೊಳಗೆ ಇಟ್ಟು ಸ್ವಿಚ್ ಒತ್ತಿದರೆ ಹೆಡ್ ಸುತ್ತಲು ಹುಲ್ಲು ಸುತ್ತಿಕೊಳ್ಳುತ್ತದೆ.

ಕತ್ತರಿಸಬೇಕಾದದ್ದು ದಾರದ ಕೊನೆಯ ಎರಡು ಮೂರು ಸೆಂಟಿಮೀಟರ್ ಮಾತ್ರ. ತುದಿಯ ವೇಗ 125 ಮೀಟರ್ ಆದರೆ, ವೃತ್ತದ ನಡುಬಿಂದುವಿಗೂ ತುದಿಗೂ ಅರ್ಧ ದೂರದಲ್ಲಿ ವೇಗವೂ ಅರ್ಧ. ಹೆಡ್ಡನ್ನು ಹುಲ್ಲಿನೊಳಗೆ ಒತ್ತಿದರೆ ನಿಧಾನವಾದ ಆ ಭಾಗ ಹುಲ್ಲಿಗೆ ತಗಲುತ್ತದೆ. ಕತ್ತರಿಸುವುದಿಲ್ಲ, ತೂತಿನ ಬಳಿ ದಾರ ಬಾಗಿ ತುಂಡಾಗುತ್ತದೆ. ಒಳಕ್ಕೆ ನೂಕದೆ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸವರುತ್ತಾ ಹೋಗಿ.

ಹೆಡ್ ಮೇಲಿನ ಬಾಣ ನೋಡಿ ದಾರ ಯಾವ ಕಡೆ ತಿರುಗುತ್ತದೆ ತಿಳಿದುಕೊಳ್ಳಿ. ಒಂದು ಪಕ್ಕದಲ್ಲಿ ದಾರ ನಿಮ್ಮಿಂದ ಮುಂದಕ್ಕೆ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ನಿಮ್ಮ ಕಾಲಿನ ಕಡೆಗೆ ಬರುತ್ತದೆ. ಮುಂದಕ್ಕೆ ಓಡುವ ಪಕ್ಕವನ್ನೇ ಹುಲ್ಲಿಗೆ ಕೊಡಿ. ಆಗ ಕಸ, ಕಲ್ಲು ನಿಮ್ಮಿಂದ ದೂರ ಹಾರುತ್ತವೆ. ಕಾಲಿಗೆ ಚಟಪಟ ಬಡಿಯುತ್ತಿದ್ದರೆ ನೀವು ಉಲ್ಟಾ ಪಕ್ಕ ಬಳಸುತ್ತಿದ್ದೀರಿ.

ಸೊಂಟದಿಂದ ಎಡಕ್ಕೂ ಬಲಕ್ಕೂ ತಿರುಗುತ್ತಾ, ಚಿಕ್ಕ ಹೆಜ್ಜೆ ಇಡಿ. ತೋಳಿನಿಂದ ಮಾತ್ರ ಬೀಸಿದರೆ ಬೇಗ ಸುಸ್ತಾಗುತ್ತದೆ. ಹಿಂದಕ್ಕೆ ನಡೆಯುತ್ತಾ ಕತ್ತರಿಸಬೇಡಿ.

ಎತ್ತರದ ಹುಲ್ಲನ್ನು ಒಂದೇ ಸಲ ಬುಡದಿಂದ ಕತ್ತರಿಸಲು ಹೋಗಬೇಡಿ. ಉದ್ದ ಹುಲ್ಲು ಕೋಲಿಗೆ ಸುತ್ತಿ ಮೋಟರ್ ನಿಲ್ಲುತ್ತದೆ. ಮೇಲಿನ ಮೂರನೇ ಒಂದು ಭಾಗ, ಆಮೇಲೆ ನಡುವಿನದು, ಕೊನೆಗೆ ಬುಡ. ನಿಧಾನ ಅನಿಸುತ್ತದೆ, ಆದರೆ ಹತ್ತು ಸಲ ನಿಂತು ಹುಲ್ಲು ಬಿಡಿಸುವುದಕ್ಕಿಂತ ಬೇಗ ಮುಗಿಯುತ್ತದೆ.

ದಾರ ಚಿಕ್ಕದಾದಾಗ ವೇಗ ಏರಿದ ಸದ್ದು ಕೇಳುತ್ತದೆ, ಕತ್ತರಿಸುವ ಅಗಲ ಕಡಿಮೆಯಾಗುತ್ತದೆ. ತಟ್ಟುವ ಬಗೆಯಾದರೆ ಯಂತ್ರ ಓಡುತ್ತಿರುವಾಗಲೇ ಮೆತ್ತನೆ ಮಣ್ಣಿನ ಮೇಲೆ ಒಮ್ಮೆ ಮೆಲ್ಲಗೆ ತಟ್ಟಿ. ಕಾಂಕ್ರೀಟ್ ಮೇಲೆ ಕುಟ್ಟಿದರೆ ಗುಬ್ಬಿ ಸವೆದು ಒಡೆಯುತ್ತದೆ. ತಾನಾಗಿ ಬರುವ ಬಗೆಯಾದರೆ ಸ್ವಿಚ್ ಬಿಟ್ಟು ಪೂರ್ತಿ ನಿಲ್ಲಲಿ, ಮತ್ತೆ ಒತ್ತಿ. ತಟ್ಟಿದರೂ ಬರದಿದ್ದರೆ ಮತ್ತೆ ಮತ್ತೆ ಕುಟ್ಟಬೇಡಿ. ದಾರ ತೂತಿನೊಳಗೇ ತುಂಡಾಗಿರಬಹುದು, ಇಲ್ಲವೇ ಒಳಗೆ ಬೆಸೆದಿರಬಹುದು. ಬ್ಯಾಟರಿ ತೆಗೆದು ಹಂತ 3ಕ್ಕೆ ಹೋಗಿ.

ಗಾರ್ಡ್ ಅಡ್ಡ ಬರುತ್ತದೆ ಎಂದು ಬಿಚ್ಚಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಅದು ಕಲ್ಲು ತಡೆಯುವುದು ಒಂದು. ಅದರ ಅಂಚಿನ ಚಿಕ್ಕ ಬ್ಲೇಡ್ ದಾರವನ್ನು ಸರಿಯಾದ ಉದ್ದಕ್ಕೆ ಕತ್ತರಿಸುವುದು ಇನ್ನೊಂದು. ಗಾರ್ಡ್ ಇಲ್ಲದೆ 30 ಸೆಂಟಿಮೀಟರ್ ವೃತ್ತ 40 ಆದರೆ, ಅದೇ ವೇಗದಲ್ಲಿ ತಿರುಗಲು ಗಾಳಿಯ ತಡೆಯೊಂದಕ್ಕೇ ಮೋಟರ್ ಸುಮಾರು ಮೂರು ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ಕಾಲೂ ಮೋಟರೂ ಎರಡೂ ಅಪಾಯಕ್ಕೆ.

## ಹಂತ 6: ಮರದ ಬುಡ, ಗೋಡೆ, ಬೇಲಿ

ಮರದ ತೊಗಟೆಯ ಒಳಪದರದಲ್ಲಿ ಎಲೆಯಿಂದ ಬೇರಿಗೆ ಆಹಾರ ಇಳಿಯುತ್ತದೆ. ಟ್ರಿಮ್ಮರ್ ದಾರ ಎಳೆಯ ಮರದ ತೊಗಟೆಯನ್ನು ಕೆಲವೇ ಸೆಕೆಂಡಿನಲ್ಲಿ ಸುಲಿಯುತ್ತದೆ. ಬುಡದ ಸುತ್ತ ಪೂರ್ತಿ ಬಳೆಯಂತೆ ತೊಗಟೆ ಹೋದರೆ ಮರ ಸಾಯುತ್ತದೆ, ತಕ್ಷಣ ಅಲ್ಲ, ತಿಂಗಳುಗಳ ಮೇಲೆ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಬುಡದ ಸುತ್ತ ಒಂದು ಅಡಿಯಷ್ಟು ಹುಲ್ಲನ್ನು ಕೈಯಿಂದ ಕಿತ್ತು ಒಣ ಎಲೆ ಹರಡಿ. ಯಂತ್ರವನ್ನು ಅದರಾಚೆಯೇ ಓಡಿಸಿ. ಕೆಲವು ಯಂತ್ರಗಳಿಗೆ ಹೂಗಿಡಗಳನ್ನು ದೂರವಿಡುವ ಮಡಚುವ ತಂತಿ ಬರುತ್ತದೆ. ಅದಿದ್ದರೆ ಬಿಚ್ಚಿ ಮುಂದಕ್ಕೆ ಹಾಕಿಕೊಳ್ಳಿ.

ಗೋಡೆಗೆ, ಕಲ್ಲಿಗೆ ದಾರ ತಾಗಿದಷ್ಟೂ ಸವೆಯುತ್ತದೆ. ಹೆಡ್ಡನ್ನು ಗೋಡೆಯ ಕಡೆಗೆ ಸ್ವಲ್ಪ ಓರೆ ಮಾಡಿ, ತುದಿ ಮಾತ್ರ ಗೋಡೆಯ ಹತ್ತಿರ ಬರುವಂತೆ ನಿಧಾನವಾಗಿ ಸಾಗಿ. ತಂತಿ ಬೇಲಿಯ ಬಳಿ ಇನ್ನೂ ಎಚ್ಚರ ಬೇಕು, ದಾರ ತಂತಿಗೆ ಸಿಕ್ಕಿದರೆ ಪಟ್ಟನೆ ತುಂಡಾಗುತ್ತದೆ. ಬೇಲಿಗೆ ಅಂಟಿದ ಹುಲ್ಲನ್ನು ಕೈಗತ್ತರಿಯಿಂದ ತೆಗೆಯುವುದೇ ಸುಲಭ.

## ಹಂತ 7: ಈ ಸೂಚನೆ ಕಂಡರೆ ತಕ್ಷಣ ನಿಲ್ಲಿಸಿ

ಹಠಾತ್ತನೆ ಅದುರಾಟ ಜಾಸ್ತಿಯಾದರೆ ಒಂದು ಪಕ್ಕದ ದಾರ ತುಂಡಾಗಿದೆ, ಇಲ್ಲವೇ ಹೆಡ್‌ಗೆ ಹುಲ್ಲು ಸುತ್ತಿದೆ, ಇಲ್ಲವೇ ಹೆಡ್ ಸಡಿಲವಾಗಿದೆ. ಮೊದಲ ಎರಡು ಸಣ್ಣ ಕೆಲಸ. ಮೂರನೆಯದಾದರೆ ಬಿಗಿ ಮಾಡದೆ ಮುಂದುವರಿಸಬೇಡಿ.

ಸುಟ್ಟ ವಾಸನೆ ಬಂದರೆ ಸ್ವಿಚ್ ಬಿಟ್ಟು ಗಾಳಿ ತೂತುಗಳನ್ನು ನೋಡಿ. ಹುಲ್ಲಿನ ಪುಡಿ ಮುಚ್ಚಿಕೊಂಡಿದ್ದರೆ ಬ್ರಷ್‌ನಿಂದ ತೆಗೆದು ಮೋಟರ್ ಪೂರ್ತಿ ತಣಿಯಲು ಬಿಡಿ. ವಾಸನೆ ಮತ್ತೆ ಬಂದರೆ ದಾರದ ದಪ್ಪ ನೋಡಿ. ಹೊಗೆ ಕಂಡರೆ ಮಾತ್ರ ಸ್ವಂತ ಪ್ರಯೋಗ ಬೇಡ, ರಿಪೇರಿಯವರಿಗೆ ಕೊಡಿ.

ಬ್ಯಾಟರಿ ಉಬ್ಬಿದೆ, ಬಿರುಕು ಬಿಟ್ಟಿದೆ, ಏನೋ ಸೋರುತ್ತಿದೆ, ಸುಮ್ನೆ ಇಟ್ಟಾಗಲೂ ಬಿಸಿಯಾಗಿದೆ ಅನಿಸಿದರೆ ಅದನ್ನು ಚಾರ್ಜ್‌ಗೆ ಹಾಕಬೇಡಿ. ಸುಡುವ ವಸ್ತುಗಳಿಂದ ದೂರ, ಹೊರಗೆ ಇಡಿ. ಮನೆಯ ಕಸದ ಜೊತೆ ಹಾಕದೆ ಹಳೆಯ ಬ್ಯಾಟರಿ ಪಡೆಯುವ ಕಡೆಗೆ ಕೊಡಿ.

ವೈರಿನ ಹೊದಿಕೆ ಕತ್ತರಿಸಿ ತಾಮ್ರ ಕಂಡರೆ ವೈರನ್ನು ಮುಟ್ಟದೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಟೇಪ್ ಸುತ್ತಿ ಹೊರಗೆ ಮತ್ತೆ ಬಳಸಬೇಡಿ, ವೈರ್ ಬದಲಿಸಿ.

ಇನ್ನೊಂದು: ಸ್ವಿಚ್ ಬಿಟ್ಟ ಮೇಲೂ ದಾರ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತದ್ದು ಕಣ್ಣಿಗೆ ಕಂಡ ಮೇಲೆ, ಬ್ಯಾಟರಿ ಅಥವಾ ಪ್ಲಗ್ ತೆಗೆದ ಮೇಲೆ ಮಾತ್ರ ಹೆಡ್‌ಗೆ ಕೈ ಹಾಕಿ. ಬೆರಳು ಜುಮುಗುಟ್ಟುತ್ತಿದ್ದರೆ ಅದೂ ನಿಲ್ಲಿಸುವ ಸೂಚನೆಯೇ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈಗೆ ವಿಶ್ರಾಂತಿ ಕೊಡಿ.

## ಹಂತ 8: ಕೆಲಸ ಮುಗಿದ ಮೇಲೆ

ಅಂಟಿದ ಹುಲ್ಲನ್ನು ಹಸಿಯಾಗಿರುವಾಗಲೇ ತೆಗೆಯಿರಿ, ಒಣಗಿದರೆ ಗಾರ್ಡ್ ಒಳಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಬ್ರಷ್, ಒದ್ದೆ ಬಟ್ಟೆ ಸಾಕು. ಪೈಪ್ ಹಿಡಿದು ತೊಳೆಯಬೇಡಿ, ಮೋಟರ್ ಒಳಗೆ ನೀರು ಹೋಗುತ್ತದೆ. ಪೆಟ್ರೋಲ್, ಥಿನ್ನರ್ ಪ್ಲಾಸ್ಟಿಕ್ಕನ್ನು ಕೆಡಿಸುತ್ತವೆ. ಗಾರ್ಡ್‌ನಲ್ಲಿ ಬಿರುಕು ಇದೆಯೇ, ದಾರ ಕತ್ತರಿಸುವ ಬ್ಲೇಡ್ ಗಟ್ಟಿಯಾಗಿದೆಯೇ, ಸ್ಕ್ರೂ ಸಡಿಲವಾಗಿದೆಯೇ ನೋಡಿ.

ಬ್ಯಾಟರಿ ಬಿಸಿಯಾಗಿರುವಾಗ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ತಣಿಯಲಿ. ಚಾರ್ಜ್ ಮಾಡುವ ಜಾಗ 0ಗಿಂತ ತಣ್ಣಗೂ 40 ಡಿಗ್ರಿಗಿಂತ ಬಿಸಿಯಾಗಿಯೂ ಇರಬಾರದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬ್ಯಾಟರಿ ಬಿಡಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಪೂರ್ತಿ ತುಂಬಿಯೂ ಇಡಬೇಡಿ, ಖಾಲಿಯೂ ಇಡಬೇಡಿ. ಅರ್ಧದಷ್ಟು ಚಾರ್ಜ್‌ನಲ್ಲಿ, ಯಂತ್ರದಿಂದ ತೆಗೆದು, ತಂಪಾದ ಒಣ ಜಾಗದಲ್ಲಿ ಇಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ಬಹಳ ದಿನ ಕೂತ ಲಿಥಿಯಂ ಬ್ಯಾಟರಿಯನ್ನು ಚಾರ್ಜರ್ ಗುರುತಿಸದೇ ಹೋಗಬಹುದು.

ಯಂತ್ರವನ್ನು ಹೆಡ್ ಮೇಲೆ ಭಾರ ಬೀಳದಂತೆ ಗೋಡೆಗೆ ನೇತುಹಾಕಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಉಳಿದ ದಾರವನ್ನು ಬಿಸಿಲು ಬೀಳದ ಕಡೆ ಇಡಿ. ಬಹಳ ದಿನದ ನಂತರ ಯಂತ್ರ ಹೊರತೆಗೆಯುವ ಹಿಂದಿನ ರಾತ್ರಿಯೇ ಸ್ಪೂಲನ್ನು ಹೆಡ್‌ನಿಂದ ಬಿಚ್ಚಿ, ದಾರದ ಸಮೇತ ಒಂದು ಬಟ್ಟಲು ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಒರೆಸಿ ಜೋಡಿಸಿ, 3.8ರ ಪರೀಕ್ಷೆ ಮಾಡಿ, ಗಾಗಲ್ಸ್ ಹಾಕಿಕೊಂಡು ಶುರು ಮಾಡಿ.